ಸರಿದ ಚೆಂಡು

ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿದ ಮೇಲೆ ಕೊರಳಪಟ್ಟಿಯೊಳಗೆ ಇನ್ನೂ ಎರಡು ಬೆರಳು ಹೋಗುವಷ್ಟು ಜಾಗ ಉಳಿಯಿತು. ಮೇಷ್ಟ್ರ ಹೆಂಡತಿ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದಳು, ಇನ್ನೊಂದು ಸಲ ಹಾಕಿದರೆ ಕತ್ತು ತುಂಬಿಕೊಳ್ಳುತ್ತದೇನೋ ಅನ್ನುವ ಹಾಗೆ. ಮಂಚದ ಆಚೆ ಬದಿಯಲ್ಲಿ ನಿಂತಿದ್ದ ಮಗಳು ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು, ಒಂದು ಕೈಯಲ್ಲಿ ಅಪ್ಪನ ತಲೆ ಎತ್ತಿ, ಪಟ್ಟಿಯನ್ನು ಹಿಂದಕ್ಕೆ ಮಡಿಚಿ ಚುಚ್ಚಿದಳು. ಚುಚ್ಚುವಾಗ ತನ್ನ ಬೆರಳನ್ನು ಒಳಗೆ ಅಡ್ಡ ಇಟ್ಟುಕೊಂಡಿದ್ದಳು. ಇನ್ನು ಅವರಿಗೆ ನೋಯುವುದಿಲ್ಲ ಎಂಬುದು ಅವಳ ಕೈಗೆ ಇನ್ನೂ ಗೊತ್ತಾಗಿರಲಿಲ್ಲ.

ಬಾಗಿಲಲ್ಲಿ ಮೇಷ್ಟ್ರ ಅಣ್ಣ ಬಂದು ನಿಂತರು. ಅಂಚೆ ಕಚೇರಿಯಿಂದ ನಿವೃತ್ತರಾದವರು, ಬೆಳಗಿನಿಂದ ಎಲ್ಲ ಓಡಾಟವನ್ನೂ ಮೈಮೇಲೆ ಹಾಕಿಕೊಂಡಿದ್ದರು. ಕೈಯಲ್ಲಿ ಒಂದು ನೀಲಿ ಕೋಟು ಇತ್ತು. ಎದೆಯ ಮೇಲೆ ಬಂಗಾರದ ದಾರದಲ್ಲಿ ಎರಡು ಗಾಲ್ಫ್ ಕೋಲು ಕತ್ತರಿಯಾಗಿ ಹೆಣೆದ ಲಾಂಛನ. ಬೀರುವಿನ ತಳದಲ್ಲಿ, ಹಳೆ ಬೆಡ್‌ಷೀಟುಗಳ ಕೆಳಗೆ ಸಿಕ್ಕಿತಂತೆ. ಇದನ್ನು ಹಾಕಿದರೆ ಚೆಂದ, ಕ್ಲಬ್ಬಿನವರು ಬರುತ್ತಾರೆ, ಪೇಪರಿನವರೂ ಬಂದಾರು ಎಂದರು.

"ಅವರು ಅದನ್ನ ಒಂದ್ಸಲಾನೂ ಹಾಕ್ಕೊಂಡಿದ್ದು ನಾನು ನೋಡಿಲ್ಲ ಭಾವ," ಎಂದಳು ಆಕೆ. "ಈಗ ಅವರಿಗೆ ಬೇಡ ಅನ್ನೋಕೆ ಬರಲ್ಲ ಅಂತ ತೊಡಿಸೋದು ಸರಿಯಲ್ಲ."

ಅಣ್ಣ ಕೋಟನ್ನು ಒಮ್ಮೆ ಕೊಡವಿದರು. ತಮ್ಮನ ಮುಖ ನೋಡಿ, ಅದನ್ನು ಕುರ್ಚಿಯ ಬೆನ್ನಿಗೆ ಹಾಕಿ ಹೊರಗೆ ಹೋದರು.

ಮೇಷ್ಟ್ರಿಗೆ ತೊಡಿಸಿದ್ದು ದಿನನಿತ್ಯದ ಅರ್ಧ ತೋಳಿನ ಬಿಳಿ ಅಂಗಿ, ಕೆಲಸಕ್ಕೆ ಹೋಗುವಾಗ ಹಾಕಿಕೊಳ್ಳುತ್ತಿದ್ದದ್ದು. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಆ ಊರಿನಲ್ಲಿ ಗಾಡಿ ಓಡಿಸುವವರಲ್ಲಿ ಅರ್ಧದಷ್ಟು ಜನ ಅವರ ಪಕ್ಕ ಕೂತು ಬೆವರಿದವರು. ಅವರ ಎಡಗಾಲಿನ ಕೆಳಗೆ ತಮ್ಮದೇ ಒಂದು ಬ್ರೇಕು ಇರುತ್ತಿತ್ತು. ಆದರೆ ಅವರು ಅದನ್ನು ತುಳಿಯುತ್ತಿದ್ದದ್ದು ಅಪರೂಪ. ಕಲಿಯುವವನು ತಾನೇ ಹೆದರಿ ತಾನೇ ನಿಲ್ಲಿಸಬೇಕು, ಆಗಲೇ ಅದು ಕಾಲಿಗೆ ಇಳಿಯುವುದು ಎನ್ನುತ್ತಿದ್ದರು. ಮೂವತ್ತು ವರ್ಷ ಹೀಗೇ ಕಲಿಸಿದರು. ಆಮೇಲೆ ಶ್ವಾಸಕೋಶ ಕೈಕೊಟ್ಟಿತು. ಕೊನೆಯ ಕೆಲವು ತಿಂಗಳು ಕಿಟಕಿಯ ಪಕ್ಕ ಕೂತು, ರಸ್ತೆಯಲ್ಲಿ ಹೋಗುವ ಗಾಡಿಗಳ ತಪ್ಪುಗಳನ್ನು ಮೆಲ್ಲನೆ ಹೇಳಿಕೊಳ್ಳುತ್ತಿದ್ದರು. ನಿನ್ನೆ ಮಧ್ಯಾಹ್ನ ಆಕೆ ತಟ್ಟೆ ತೊಳೆದಿಟ್ಟು ಬರುವಷ್ಟರಲ್ಲಿ ಆ ದನಿ ನಿಂತಿತ್ತು.

ಆದರೆ ಕಾರು ಕಲಿಸುವ ಮೊದಲು ಅವರ ಕೈಯಲ್ಲಿ ಬೇರೆ ಕೆಲಸವಿತ್ತು. ಕುರ್ಚಿಯ ಬೆನ್ನಿಗೆ ತೂಗುತ್ತಿದ್ದ ಕೋಟು ಆ ಕಾಲದ್ದು.

*

ಆಗ ಅವರಿಗೆ ಇಪ್ಪತ್ತಾರರ ವಯಸ್ಸು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗಾಲ್ಫ್ ಆಡಿಯೇ ಹೊಟ್ಟೆ ಹೊರೆಯುತ್ತಿದ್ದರು. ಊರೂರು ಸುತ್ತುವುದು, ಗೆದ್ದರೆ ಹೋಟೆಲಿನಲ್ಲಿ ಮಲಗುವುದು, ಸೋತರೆ ಬಸ್ಸಿನಲ್ಲಿ. ಆ ವರ್ಷ ದೇಶದ ಅತಿ ದೊಡ್ಡ ಚಾಂಪಿಯನ್‌ಷಿಪ್ಪಿನಲ್ಲಿ, ಯಾರೂ ನಿರೀಕ್ಷಿಸದ ಹಾಗೆ, ಕೊನೆಯ ದಿನ ಎಲ್ಲರಿಗಿಂತ ಮುಂದಿದ್ದರು. ಅವರ ಜೊತೆಗೆ ಆಡಲು ಇಳಿದವನು ಒಬ್ಬ ಉದ್ದನೆಯ ಹುಡುಗ, ಅವರಷ್ಟೇ ಬಡವ, ಅವರಷ್ಟೇ ಅಪರಿಚಿತ.

ಆಕೆ ನೋಡುಗರನ್ನು ತಡೆಯಲು ಕಟ್ಟಿದ ಹಗ್ಗದಾಚೆ, ಜನರ ಜೊತೆ ನಡೆಯುತ್ತಾ ಇಡೀ ದಿನ ನೋಡಿದ್ದಳು. ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದವನೇ ಗೆದ್ದ ಹಾಗೆ ಎನ್ನುವುದು ಬಿಟ್ಟರೆ ಆಕೆಗೆ ಆ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. ಅವಳು ಓದುತ್ತಿದ್ದದ್ದು ಗಂಡನ ನಡಿಗೆಯನ್ನು. ಬೆಳಗ್ಗೆ ನೆಟ್ಟಗಿತ್ತು. ಮಧ್ಯಾಹ್ನದ ಗಾಳಿಯಲ್ಲಿ ಚೆಂಡು ಒಮ್ಮೆ ಮರಳಿಗೆ ಬಿದ್ದಾಗ ಹೆಜ್ಜೆ ಸಣ್ಣದಾಯಿತು. ಆಮೇಲೆ ಮತ್ತೆ ನೆಟ್ಟಗಾಯಿತು. ಉದ್ದನೆಯ ಹುಡುಗ ಬಿಡಲಿಲ್ಲ, ನೆರಳಿನ ಹಾಗೆ ಹಿಂದೆಯೇ ಬಂದ. ಕೊನೆಯ ಕುಳಿಯ ಹತ್ತಿರ ಬರುವಾಗ ಮೇಷ್ಟ್ರು ಎರಡು ಹೊಡೆತ ಮುಂದಿದ್ದರು. ಹುಡುಗ ಅಲ್ಲಿ ದೂರದಿಂದ ಒಂದು ಚೆಂಡನ್ನು ಉರುಳಿಸಿ, ಜನ ಬಾಯಿಮೇಲೆ ಕೈಯಿಟ್ಟುಕೊಳ್ಳುವ ಹಾಗೆ, ಕುಳಿಗೆ ಹಾಕಿಬಿಟ್ಟ. ಅವನ ಆಟ ಮುಗಿಯಿತು.

ಮೇಷ್ಟ್ರ ಚೆಂಡು ಕುಳಿಯಿಂದ ಒಂದೂವರೆ ಮಾರು ದೂರದಲ್ಲಿತ್ತು. ಅದು ಬಿದ್ದರೆ ಒಂದು ಹೊಡೆತದಿಂದ ಗೆದ್ದ ಹಾಗೆ. ಜನ ಆಗಲೇ ಚಪ್ಪಾಳೆಗೆ ಕೈ ಎತ್ತಿಕೊಂಡಿದ್ದರು. ಮೇಷ್ಟ್ರು ಚೆಂಡಿನ ಪಕ್ಕ ನಿಂತು, ಕೋಲನ್ನು ಅದರ ಹಿಂದೆ ಇಟ್ಟು, ತಲೆ ತಗ್ಗಿಸಿದರು. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಹೊಡೆಯದೆ ಒಂದು ಹೆಜ್ಜೆ ಹಿಂದಕ್ಕೆ ಸರಿದು, ರೆಫರಿಯನ್ನು ಕೈಸನ್ನೆ ಮಾಡಿ ಕರೆದರು.

ಅವರು ಹೇಳಿದ್ದೇನೆಂದು ಹಗ್ಗದಾಚೆ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಇಡೀ ದೇಶಕ್ಕೆ ಗೊತ್ತಾಯಿತು. ಕೋಲು ಇಟ್ಟ ಮೇಲೆ ಚೆಂಡು ಸರಿಯಿತು ಎಂದಿದ್ದರು. ಆ ಕಾಲದ ನಿಯಮದಂತೆ ಅದಕ್ಕೆ ಒಂದು ಹೊಡೆತದ ದಂಡ. ರೆಫರಿ ಬಗ್ಗಿ ನೋಡಿದ, ಹುಲ್ಲಿನಲ್ಲಿ ಏನೂ ಕಾಣಲಿಲ್ಲ. ಉದ್ದನೆಯ ಹುಡುಗನನ್ನು ಕೇಳಿದ. ಹುಡುಗ ನಾನು ನೋಡಲಿಲ್ಲ ಎಂದ. ರೆಫರಿ ಒಳ್ಳೆಯವನು. ಅಲ್ಲಾಡಿ ಮತ್ತೆ ಅದೇ ಜಾಗಕ್ಕೆ ಬಂದು ನಿಂತಿದ್ದರೆ ದಂಡ ಇಲ್ಲ, ಸರಿಯಾಗಿ ನೆನಪು ಮಾಡಿಕೊಳ್ಳಿ, ಅಲ್ಲಾಡಿತೋ ಸರಿಯಿತೋ ಎಂದು ಇನ್ನೊಮ್ಮೆ ಕೇಳಿದ. ಮೇಷ್ಟ್ರು ಚೆಂಡನ್ನೇ ನೋಡುತ್ತಾ ನಿಂತಿದ್ದರು.

"ಸರೀತು," ಎಂದರು.

ದಂಡ ಬಿದ್ದ ಮೇಲೂ ಆಟ ಕೈಬಿಟ್ಟಿರಲಿಲ್ಲ. ಅದೇ ಚೆಂಡನ್ನು ಕುಳಿಗೆ ಹಾಕಿದ್ದರೆ ಇಬ್ಬರೂ ಸಮ, ಮತ್ತೆ ಆಡಬೇಕಾಗುತ್ತಿತ್ತು. ಅವರು ಹೊಡೆದರು. ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಆಚೆ ಹೋಯಿತು.

ಚಾಂಪಿಯನ್‌ಷಿಪ್ಪನ್ನು ಉದ್ದನೆಯ ಹುಡುಗ ಗೆದ್ದದ್ದು ಹೀಗೆ. ಜನ ದಂಡದ ಹೊಡೆತವನ್ನಷ್ಟೇ ನೆನಪಿಟ್ಟುಕೊಂಡರು, ಆಮೇಲೆ ತಪ್ಪಿದ್ದನ್ನು ಮರೆತರು. ಮರುದಿನದ ಪೇಪರುಗಳಲ್ಲಿ ಸೋತವನ ಫೋಟೋ ದೊಡ್ಡದಾಗಿ ಬಂದಿತ್ತು, ಗೆದ್ದವನದು ಕೆಳಗೆ ಚಿಕ್ಕದಾಗಿ. ಕ್ಲಬ್ಬಿನವರು ಸಮಾರಂಭ ಮಾಡಿ ನೀಲಿ ಕೋಟು ತೊಡಿಸಲು ಬಂದಾಗ ಮೇಷ್ಟ್ರು ಅದನ್ನು ಕೈಯಲ್ಲೇ ಇಸಿದುಕೊಂಡರು.

*

ಹತ್ತು ಗಂಟೆಯ ಹೊತ್ತಿಗೆ ಮುಂದಿನ ಕೋಣೆ ತುಂಬಿತು. ಬಂದವರೆಲ್ಲ ಚಪ್ಪಲಿಗಿಂತ ಮೊದಲು ಗಾಡಿಯ ಯೋಚನೆ ಮಾಡಿದವರು. ಬೀದಿಯ ಎರಡೂ ಬದಿಗೆ ಕಾರುಗಳು ಗೆರೆ ಎಳೆದ ಹಾಗೆ ನಿಂತಿದ್ದವು. ಮೇಷ್ಟ್ರ ಮನೆಯ ಮುಂದೆ ಸೊಟ್ಟಗೆ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಶವವಾಹನ ತಂದವನೂ ಅವರ ಶಿಷ್ಯನೇ. ದಪ್ಪ ಆಸಾಮಿ, ಬಾಗಿಲ ಹತ್ತಿರ ಟೋಪಿಯನ್ನು ಹಿಂಡುತ್ತಾ ನಿಂತಿದ್ದ. ಪರೀಕ್ಷೆಯಲ್ಲಿ ಪದೇಪದೇ ಫೇಲಾಗುತ್ತಿದ್ದ ತನ್ನನ್ನು ಮೇಷ್ಟ್ರು ಹೇಗೆ ಬಿಡದೆ ಕೂರಿಸಿಕೊಂಡರು ಎಂದು ಪಕ್ಕದವರಿಗೆ ಹೇಳುತ್ತಿದ್ದ. ಈ ಕೆಲಸ ಸಿಕ್ಕಿದ ದಿನ ಸಿಹಿ ತಂದುಕೊಟ್ಟನಂತೆ. ನಿನ್ನ ಗಾಡಿಯಲ್ಲಿ ಕೂತವರು ಯಾರೂ ದೂರು ಕೊಡುವುದಿಲ್ಲ, ಹಾಗಂತ ಬ್ರೇಕು ಜೋರಾಗಿ ಹಾಕಬೇಡ ಎಂದಿದ್ದರಂತೆ ಮೇಷ್ಟ್ರು. ಬ್ಯಾಂಕಿನ ಹೆಂಗಸೊಬ್ಬಳು ಕಲಿಯುವಾಗ ಕಾರನ್ನು ನೆಟ್ಟಗೆ ಹೂವಿನಂಗಡಿಗೆ ನುಗ್ಗಿಸಿದ್ದನ್ನು ನೆನೆಸಿಕೊಂಡಳು. ಬಕೆಟ್ಟುಗಳ ನಡುವೆ ಕಾರು ನಿಂತ ಮೇಲೆ ಮೇಷ್ಟ್ರು ಕಿಟಕಿಯಿಂದ ಕೈ ಹಾಕಿ ಒಂದು ಗೊಂಚಲು ಎತ್ತಿಕೊಂಡು, ಹೇಗೂ ಹೆಂಡತಿಗೆ ತಗೊಳ್ಳೋದಿತ್ತು ಎಂದರಂತೆ. ಒಂದಿಬ್ಬರು ನಕ್ಕರು. ನಕ್ಕು, ಮಂಚದ ಕಡೆ ನೋಡಿ, ತಲೆ ತಗ್ಗಿಸಿದರು. ಆ ಹೂವು ಮನೆಗೆ ಬಂದ ದಿನ ಮೇಷ್ಟ್ರ ಹೆಂಡತಿಗೆ ಚೆನ್ನಾಗಿ ನೆನಪಿತ್ತು. ಅವು ಎಲ್ಲಿಂದ ಬಂದವು ಎನ್ನುವುದು ಈಗ ಗೊತ್ತಾಯಿತು.

ಅಷ್ಟರಲ್ಲಿ ಅಣ್ಣ ಗಂಟಲು ಸರಿಮಾಡಿಕೊಂಡು ಆ ಕತೆಗೆ ಕೈಹಾಕಿದರು. ಅದನ್ನು ಅವರು ನೂರಾರು ಸಲ ಹೇಳಿದ್ದರು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಲ್ಲವೂ ಪಾಠವಾಗಿತ್ತು. ಸರಿಯಿತು ಎಂಬ ಒಂದು ಮಾತಿನಲ್ಲಿ ನನ್ನ ತಮ್ಮ ಇಡೀ ಚಾಂಪಿಯನ್‌ಷಿಪ್ಪನ್ನು ಎತ್ತಿ ಕೊಟ್ಟುಬಿಟ್ಟ ಎಂದರು. ಕಲಿಯಲು ಬಂದ ಮಕ್ಕಳೆಲ್ಲ ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದದ್ದೇ ಸತ್ಯದ ಮೇಷ್ಟ್ರು ಅಂತ ಎಂದರು.

"ಗೆದ್ದವನು ಯಾರು ಅಂತ ಈಗ ಯಾರಿಗಾದ್ರೂ ನೆನಪಿದ್ಯಾ ಹೇಳಿ," ಎಂದರು ಕೊನೆಗೆ. "ಸೋತವನನ್ನ ನೋಡೋಕೆ ಇಷ್ಟು ಜನ ಬಂದಿದ್ದೀರಿ."

ಬಾಗಿಲಲ್ಲಿ ನಿಂತಿದ್ದವರು ಯಾರಿಗೋ ದಾರಿ ಬಿಟ್ಟರು. ಒಬ್ಬ ಉದ್ದನೆಯ ಮುದುಕರು ಮಡಿಸಿದ ಕೊಡೆಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದರು. ಬಾಗಿಲಿಗೆ ತಲೆ ತಾಗದಂತೆ ಬಗ್ಗಿದವರು ಆಮೇಲೂ ಪೂರ್ತಿ ನೆಟ್ಟಗಾಗಲಿಲ್ಲ. ಮೇಷ್ಟ್ರ ಹೆಂಡತಿಗೆ ಮುಖ ಗುರುತು ಸಿಗಲಿಲ್ಲ, ಆ ಉದ್ದ ಗುರುತು ಸಿಕ್ಕಿತು. ಅವಳು ಎದ್ದು ನಿಂತಳು. ಅವಳು ಎದ್ದದ್ದನ್ನು ಕಂಡು ಅಣ್ಣನಿಗೂ ಗೊತ್ತಾಗಿ, ಅವರ ಮುಖ ಬಿಳಿಚಿಕೊಂಡಿತು.

"ಮುಂದುವರಿಸಿ," ಎಂದರು ಮುದುಕರು. "ಸರಿಯಾಗೇ ಹೇಳ್ತಿದ್ದೀರಿ."

ಯಾರೋ ಕುರ್ಚಿ ಬಿಟ್ಟುಕೊಟ್ಟರು. ಚಾಂಪಿಯನ್ ಕೂರಲಿಲ್ಲ. ಮಂಚದ ಕಾಲ ಬಳಿ ನಿಂತು ಮೇಷ್ಟ್ರ ಪಾದಗಳನ್ನು ನೋಡುತ್ತಿದ್ದರು. ಆ ದಿನ ಬಿಟ್ಟರೆ ಅವರಿಬ್ಬರೂ ಭೇಟಿಯಾದದ್ದೇ ಇಲ್ಲ. ಹೊಸ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು, ಇಲ್ಲಿಂದ ಒಂದು ಹೋಗುತ್ತಿತ್ತು, ಅಷ್ಟೇ. ಆ ಗೆಲುವಿನ ಮೇಲೆ ಚಾಂಪಿಯನ್ ಇನ್ನೊಂದು ದೊಡ್ಡ ಪಂದ್ಯ ಗೆದ್ದಿರಲಿಲ್ಲ. ಯಾವುದೋ ದೂರದ ಊರಿನಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾರೆ ಎಂದು ಯಾರೋ ಒಮ್ಮೆ ಹೇಳಿದ್ದರು.

*

ಸೋತ ಮೇಲೆ ಮೇಷ್ಟ್ರು ಇನ್ನು ಕೆಲವು ವರ್ಷ ಆಡಿದರು. ದೂರದ ಹೊಡೆತಗಳೆಲ್ಲ ಮೊದಲಿನಂತೆಯೇ ಇದ್ದವು. ಆದರೆ ಕುಳಿಯ ಹತ್ತಿರ ಬಂದು ತಲೆ ತಗ್ಗಿಸಿದರೆ ಸಾಕು, ಕೈ ಮರಗಟ್ಟುತ್ತಿತ್ತು. ಚೆಂಡು ಈಗ ಸರಿಯುತ್ತದೆ, ಇನ್ನೇನು ಸರಿಯುತ್ತದೆ ಎಂದು ಕಾಯುತ್ತಾ ನಿಂತುಬಿಡುತ್ತಿದ್ದರು. ಹಿಂದೆ ತಮ್ಮ ಸರದಿಗೆ ಕಾಯುತ್ತಿದ್ದ ಆಟಗಾರರು ಗೊಣಗುತ್ತಿದ್ದರು. ಮಗಳು ಹುಟ್ಟಿದ ವರ್ಷ ಕೋಲುಗಳನ್ನು ಮಾರಿ, ಎರಡು ಬ್ರೇಕಿನ ಒಂದು ಹಳೆ ಕಾರು ತಂದರು. ಆಕೆ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಮನೆ ನಡೆಯಿತು.

ಆದರೆ ಸತ್ಯ ಅವರನ್ನು ಬಿಡಲಿಲ್ಲ. ಶಾಲೆಗಳಿಂದ ಕರೆ ಬರುತ್ತಿತ್ತು, ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂತ. ಮೊದಮೊದಲು ಹೋದರು. ಹೋಗಿ ಬಂದ ದಿನ ಊಟ ಸೇರುತ್ತಿರಲಿಲ್ಲ. ಒಮ್ಮೆ ಕಿರಾಣಿ ಅಂಗಡಿಯವನು ಚಿಲ್ಲರೆ ಎಣಿಸದೆ ಕೈಗಿಟ್ಟು, ನಿಮ್ಮ ಹತ್ತಿರ ಎಣಿಸೋದೇನಿದೆ ಮೇಷ್ಟ್ರೇ ಎಂದಾಗ, ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಿಗೆ ಒರಗಿ, ಇಷ್ಟು ವರ್ಷ ಬಾಯಿಬಿಡದ ಮಾತನ್ನು ಆಡಿದ್ದರು.

"ಅವತ್ತು ನಂಗೆ ತುಂಬಾ ಭಯ ಆಗಿತ್ತು ಕಣೆ. ಹೊಡೀಬೇಕಲ್ಲ ಅಂತ. ತಪ್ಪಿಸ್ಕೊಳ್ಳೋಕೆ ಏನಾದ್ರೂ ಸಿಕ್ಕಿದ್ರೆ ಸಾಕಾಗಿತ್ತು. ಚೆಂಡು ಸರೀತು ಅನ್ನಿಸ್ತು. ನಿಜವಾಗ್ಲೂ ಸರೀತಾ, ಇಲ್ಲಾ ನಾನೇ ಅಂದ್ಕೊಂಡ್ನಾ ಅಂತ ಇವತ್ತಿಗೂ ಗೊತ್ತಿಲ್ಲ. ಹೆದರಿ ಹೇಳಿದ್ದನ್ನ ಜನ ಸತ್ಯ ಅಂತ ಹೊತ್ತು ಮೆರೆಸ್ತಿದಾರೆ."

ಆಕೆ ಕೈ ಒರೆಸಿಕೊಂಡು ಬಂದು ಪಕ್ಕ ನಿಂತಳು. ಆಮೇಲೆ ಅವರು ಶಾಲೆಗಳಿಗೆ ಹೋಗುವುದನ್ನು ನಿಲ್ಲಿಸಿದರು. ಕಾರಿನಲ್ಲಿ ಪಕ್ಕ ಕೂತವರು ಆ ಕತೆ ಎತ್ತಿದರೆ, ಕನ್ನಡಿ ನೋಡಿ, ಹಿಂದೆ ಲಾರಿ ಬರ್ತಿದೆ ಎನ್ನುತ್ತಿದ್ದರು.

ಐವತ್ತು ದಾಟಿದ ಮೇಲೆ ಒಂದು ಸಂಜೆ, ಮೆಟ್ಟಿಲಿಳಿಯುತ್ತಿದ್ದವರು ಪಕ್ಕದ ಕಂಬಿಯನ್ನು ಗಟ್ಟಿಯಾಗಿ ಹಿಡಿದು ನಿಂತರು. ಕೆಳಗಿನ ಮೆಟ್ಟಿಲು ನಡುಗಿದ ಹಾಗಾಯಿತು ಎಂದರು. ಹೀಗೆ ಆಗುವುದು ಹೊಸದೇನಲ್ಲ, ವರ್ಷಕ್ಕೆ ಒಂದೆರಡು ಸಲ, ಕ್ಷಣದ ಮಟ್ಟಿಗೆ ಎಂದರು. ಗಾಡಿ ಕಲಿಸುವವರು, ಕಣ್ಣಿನ ವಿಷಯದಲ್ಲಿ ಉದಾಸೀನ ಕೂಡದು ಎಂದು ಆಕೆಯೇ ಅಂಗಡಿಗೆ ಬರುತ್ತಿದ್ದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ವಯಸ್ಸಾದ ಹೆಂಗಸು. ಬೆಳಕು ಬಿಟ್ಟು, ಕೆಳಗೆ ನೋಡಿ, ಮೂಗಿನ ತುದಿ ನೋಡಿ, ಇನ್ನೂ ಕೆಳಗೆ ಎಂದು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಗೆ ಒರಗಿ, ಹೆದರುವಂಥದ್ದಲ್ಲ ಎಂದರು. ಎಡಗಣ್ಣನ್ನು ತಿರುಗಿಸುವ ಒಂದು ಸಣ್ಣ ಸ್ನಾಯು ಅಪರೂಪಕ್ಕೊಮ್ಮೆ ಅದುರುತ್ತದೆ. ತಲೆ ತಗ್ಗಿಸಿ ಒಂದನ್ನೇ ದಿಟ್ಟಿಸುವಾಗ, ಅದರಲ್ಲೂ ದಣಿವು ಆತಂಕ ಇದ್ದಾಗ ಹೆಚ್ಚು. ಆ ಹೊತ್ತಿನಲ್ಲಿ ನಿಂತ ವಸ್ತುವೂ ನಡುಗಿದ ಹಾಗೆ, ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ. ಕೆಲವರಿಗೆ ಇದು ಇಪ್ಪತ್ತರ ಆಸುಪಾಸಿನಲ್ಲೇ ಶುರುವಾಗುತ್ತದೆ, ನಿಮಗೂ ಬಹಳ ಹಿಂದಿನಿಂದ ಇರಬೇಕು ಎಂದರು.

ಮೇಷ್ಟ್ರು ಡಾಕ್ಟರಿಗೆ ಕೈ ಮುಗಿದು ಎದ್ದರು. ಕಾರಿನಲ್ಲಿ ಆಕೆ ಅವರ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ ಕೂತಳು. ಚೆಂಡು ಅಲ್ಲಾಡಿಯೂ ಇರಲಿಲ್ಲ. ಒಂದು ಜೀವಮಾನದ ಗೆಲುವು ಕಣ್ಣಿನ ಒಂದು ಸ್ನಾಯು ಅದುರಿದ್ದಕ್ಕೆ ಹೋಯಿತು. ಇದನ್ನು ಇವರು ಹೇಗೆ ನುಂಗಿಕೊಳ್ಳುತ್ತಾರೆ ಎಂದು ಆಕೆಗೆ ದಿಗಿಲಾಯಿತು. ಸೇತುವೆ ದಾಟಿದ ಮೇಲೆ ಅವರು ಸೂಚಕ ದೀಪ ಹಾಕಿ, ಕನ್ನಡಿ ನೋಡಿ, ನಿಧಾನವಾಗಿ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದರು. ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಅತ್ತರು. ಆಕೆ ಬೆನ್ನಿನ ಮೇಲೆ ಕೈಯಿಟ್ಟಳು.

"ಅಂದ್ರೆ ನಾನು ಕಂಡಿದ್ದೆ ಕಣೆ," ಎಂದರು ಅವರು, ತಲೆ ಎತ್ತದೆಯೇ. "ಹೆದರಿ ಹೇಳಿದ್ದಲ್ಲ. ನಂಗೆ ನಿಜವಾಗ್ಲೂ ಹಾಗೇ ಕಂಡಿತ್ತು."

ಅವರ ಅಳುವಿನಲ್ಲಿ ನಷ್ಟ ಎಷ್ಟು, ಬಿಡುಗಡೆ ಎಷ್ಟು ಎಂದು ಆಕೆಗೆ ಕೊನೆಗೂ ಬಗೆಹರಿಯಲಿಲ್ಲ. ಬಹುಶಃ ಅವರಿಗೂ. ಮೂಗು ಒರೆಸಿಕೊಂಡು ಕಾರು ಚಾಲೂ ಮಾಡುವ ಮೊದಲು ಅವರು ಒಂದೇ ಒಂದು ಮಾತು ಕೇಳಿಕೊಂಡರು. ಇದು ಮನೆಯ ಮೂವರ ನಡುವೆಯೇ ಇರಬೇಕು, ಅವತ್ತು ಗೆದ್ದವನ ಕಿವಿಗೆ ಮಾತ್ರ ಬೀಳಬಾರದು.

"ಅವನ ಹತ್ರ ಇರೋದು ಅದೊಂದೇ," ಎಂದರು.

ಆ ದಿನದಿಂದ ಅವರಿಗೆ ಊಟ ರುಚಿಸತೊಡಗಿತು. ಮಗಳಿಗೆ ಗಾಡಿ ಕಲಿಸಿದ್ದು ಆ ವರ್ಷವೇ. ಅವಳು ಈಗ ಊರಿನ ಬಸ್ಸು ಓಡಿಸುತ್ತಾಳೆ.

*

ಮೇಷ್ಟ್ರನ್ನು ಶವವಾಹನಕ್ಕೆ ಸಾಗಿಸುವ ಮೊದಲು ಆಕೆ ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಬಂದಳು. ಅಲ್ಲಿ ತೊಳೆಯುವಂಥದ್ದು ಏನೂ ಇರಲಿಲ್ಲ, ಮಗಳು ಎಲ್ಲ ತೊಳೆದು ಬೋರಲು ಹಾಕಿದ್ದಳು. ನಲ್ಲಿ ಬಿಟ್ಟುಕೊಂಡು ನಿಂತಿದ್ದಾಗ ಹಿಂದೆ ಹೆಜ್ಜೆ ಸದ್ದಾಯಿತು. ಚಾಂಪಿಯನ್ ನೀರು ಕೇಳಿದರು. ಕೊಟ್ಟಳು. ಕುಡಿದು ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು.

ಬೆಳಗಿನ ರೈಲಿಗೆ ಬಂದದ್ದಂತೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತಂತೆ. ಅಂಗಡಿಯ ಗೋಡೆಯ ಮೇಲೆ ಅವತ್ತು ಗೆದ್ದ ಕಪ್ಪಿನ ಜೊತೆಗಿನ ಫೋಟೋ ಇದೆಯಂತೆ, ಗಿರಾಕಿಗಳು ನೋಡಿ ಮೊದಲು ಕೇಳುವುದೇ, ಆ ಇನ್ನೊಬ್ಬರು ಈಗ ಎಲ್ಲಿದ್ದಾರೆ ಎಂದು. ಅವರು ಇದನ್ನೆಲ್ಲ ದೂರಿನ ದನಿಯಲ್ಲಿ ಹೇಳಲಿಲ್ಲ. ಕಪ್ಪು ತೆಗೆದುಕೊಂಡು ಮನೆಗೆ ಹೋದ ದಿನ ಅಪ್ಪ ಬಾಗಿಲಲ್ಲೇ ನಿಂತು ಕೇಳಿದ್ದರಂತೆ, ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿದೆಯಾ ಎಂದು.

"ಅವತ್ತು ರೆಫರಿ ನನ್ನ ಕೇಳಿದ್ರು, ನೀನು ನೋಡಿದ್ಯಾ ಅಂತ," ಎಂದರು. "ನಾನು ಕಣ್ಣು ಮುಚ್ಕೊಂಡಿದ್ದೆ. ಅವನ ಚೆಂಡು ಬೀಳದೆ ಇರ್ಲಿ ಅಂತ ಬೇಡ್ಕೋತಿದ್ದೆ. ಕಣ್ಣು ಬಿಟ್ಟಾಗ ಅವನು ಹಿಂದಕ್ಕೆ ಸರಿದು ನಿಂತಿದ್ದ."

ಹಿತ್ತಲ ಬಾಗಿಲಿಂದ ಒಳಗೆ ಬಂದ ಮಗಳು ಮಾತು ಕೇಳಿ ಅಲ್ಲೇ ನಿಂತಳು. ಚಾಂಪಿಯನ್ ಅವಳನ್ನು ಗಮನಿಸಲಿಲ್ಲ.

"ನಿಮ್ಮ ಹತ್ರ ಹೇಳಿರ್ತಾನೆ ಅವನು. ನಂಗೆ ಇನ್ಯಾರನ್ನೂ ಕೇಳೋಕಾಗಲ್ಲ. ಅದು ನಿಜವಾಗ್ಲೂ ಸರಿದಿತ್ತಾ?"

ಮೇಷ್ಟ್ರ ಹೆಂಡತಿ ನಲ್ಲಿ ನಿಲ್ಲಿಸಿದಳು. ಮುಂದಿನ ಕೋಣೆಯಲ್ಲಿ ಮಲಗಿರುವವರ ಹೆಂಡತಿಯಾಗಿ ಆಕೆ ಒಮ್ಮೆಯೂ ಸುಳ್ಳು ಹೇಳಿದವಳಲ್ಲ. ಆ ಮನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಒಂದು ಕ್ಷಣ ಆಕೆಗೆ ಎಲ್ಲವನ್ನೂ ಹೇಳಿಬಿಡಬೇಕು ಎನ್ನಿಸಿತು. ಚೆಂಡು ಸರಿದೇ ಇರಲಿಲ್ಲ, ಗೆಲ್ಲಬೇಕಿದ್ದವರು ಅವರು, ನೀವಲ್ಲ, ನಿಮ್ಮ ಗೋಡೆಯ ಮೇಲಿರುವುದು ನಮ್ಮದು, ನಾವು ಬಸ್ಸಿನಲ್ಲಿ ಕಳೆದ ಆ ಎಲ್ಲ ರಾತ್ರಿಗಳದು ಎಂದು.  ಮುದುಕರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಶಾಲೆಯ ಹುಡುಗನ ಹಾಗೆ ಕಾಯುತ್ತಾ ನಿಂತಿದ್ದರು.

"ಸರಿದಿತ್ತು," ಎಂದಳು. "ಎಡಗಡೆಗೆ. ಅವರು ಕಣ್ಣಾರೆ ನೋಡಿದ್ರು. ಅದರಲ್ಲಿ ಅವರಿಗೆ ಯಾವತ್ತೂ ಅನುಮಾನ ಇರ್ಲಿಲ್ಲ."

"ಯಾವತ್ತೂ?"

"ಯಾವತ್ತೂ ಇಲ್ಲ. ಗೆದ್ದಿದ್ದು ನೀವೇ. ಅವರೂ ಹಾಗೇ ಹೇಳ್ತಿದ್ರು."

ಚಾಂಪಿಯನ್ ಲೋಟವನ್ನು ಅವಳ ಕೈಗೆ ಕೊಟ್ಟರು. ಕೊಡುವಾಗ ಅವರ ಬೆರಳು ತಣ್ಣಗಿದ್ದವು. ಅವರು ಹೊರಗೆ ಹೋದ ಮೇಲೆ ಆಕೆ ಆ ಲೋಟವನ್ನು ತೊಳೆದಳು, ಮತ್ತೊಮ್ಮೆ ತೊಳೆದಳು.

ಎತ್ತುವ ಹೊತ್ತಿಗೆ ಚಾಂಪಿಯನ್ ಮುಂದೆ ಬಂದು ಹೆಗಲು ಕೊಟ್ಟರು. ಉದ್ದ ಹೆಚ್ಚಾದ್ದರಿಂದ ಅವರ ಬದಿ ಮೇಲೇರಿ, ಮೊಣಕಾಲು ಬಗ್ಗಿಸಿಯೇ ನಡೆಯಬೇಕಾಯಿತು. ಯಾರೋ ಬದಲಾಯಿಸಲು ಬಂದರೂ ಬಿಡಲಿಲ್ಲ. ಶವವಾಹನದವನು ಬಾಗಿಲು ಹಾಕಿ, ಒಮ್ಮೆ ಸುತ್ತಲೂ ನಡೆದು ಚಕ್ರಗಳನ್ನು ನೋಡಿ, ಕನ್ನಡಿಗಳನ್ನು ಸರಿಮಾಡಿಕೊಂಡು, ಹಿಂದೆ ಮಲಗಿದ್ದವರು ಕಲಿಸಿದ್ದೆಲ್ಲವನ್ನೂ ಒಂದೊಂದಾಗಿ ಮಾಡಿ ಮುಗಿಸಿ ಹೊರಟ. ಅಷ್ಟು ನಿಧಾನವಾಗಿ ಹೋದ ಎಂದರೆ ಸೈಕಲ್ಲಿನವರು ದಾಟಿಕೊಂಡು ಹೋದರು. ತಿರುವಿನಲ್ಲಿ ಬ್ರೇಕು ಹಾಕಿದ್ದು ಯಾರಿಗೂ ಗೊತ್ತಾಗಲಿಲ್ಲ.

ಹಿಂದಿನ ಕಾರನ್ನು ಮಗಳು ಓಡಿಸುತ್ತಿದ್ದಳು, ಆಕೆ ಪಕ್ಕದಲ್ಲಿ ಕೂತಿದ್ದಳು. 

"ಅಮ್ಮ, ಕಣ್ಣಿನ ಡಾಕ್ಟ್ರು ಹೇಳಿದ್ದು..." ಎಂದು ಮಗಳು ಶುರು ಮಾಡಿದಳು.

"ರಸ್ತೆ ನೋಡು," ಎಂದಳು ಆಕೆ.

ಮಗಳು ಒಂದು ಕೈ ತೆಗೆದು ತಾಯಿಯ ಮೊಣಕಾಲ ಮೇಲಿಟ್ಟು, ಮತ್ತೆ ಸ್ಟಿಯರಿಂಗ್ ಹಿಡಿದಳು.

ಚಿತಾಗಾರ ಊರಾಚೆ, ಮರಗಳ ನಡುವೆ ಇತ್ತು. ಒಳಗೆ ಆಗಬೇಕಾದ್ದು ಬೇಗ ಆಗಿಹೋಯಿತು. ಕಬ್ಬಿಣದ ಬಾಗಿಲು ಮುಚ್ಚಿಕೊಂಡಾಗ ಅಣ್ಣ ಗೋಡೆಗೆ ಮುಖ ಮಾಡಿ ಅತ್ತರು. ಬೆಳಗಿನಿಂದ ಅವರು ಅತ್ತಿರಲಿಲ್ಲ. ಚಿಕ್ಕವನಿದ್ದಾಗ ಅವನಿಗೆ ನಾನೇ ಸೈಕಲ್ಲು ಕಲಿಸಿದ್ದು ಎಂದರು, ಯಾರಿಗೆ ಎಂದಿಲ್ಲದೆ. ಆಕೆ ಅವರ ಕೈ ಹಿಡಿದು ಕಾಯುವ ಕೋಣೆಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು. ಎಲ್ಲ ಮುಗಿಯುವವರೆಗೆ ಅಲ್ಲೇ ಇರಬೇಕಾಗಿತ್ತು. ಜನ ಒಬ್ಬೊಬ್ಬರಾಗಿ ಬಂದು ಒಂದೆರಡು ಮಾತಾಡಿ ಹೋದರು. ಹೊರಗೆ ಗಾಡಿಗಳು ಒಂದಾದ ಮೇಲೊಂದು ಚಾಲೂ ಆಗಿ ದೂರವಾದವು.

ಕಿಟಕಿಯ ಗಾಜಿನಾಚೆ ಸಿಮೆಂಟಿನ ಅಂಗಳ. ಮರಗಳಿಂದ ಉದುರಿದ ಒಣಗಿದ ಕಾಯಿಗಳು ಅಲ್ಲಲ್ಲಿ ಬಿದ್ದಿದ್ದವು. ಚಾಂಪಿಯನ್ ಒಬ್ಬರೇ ಅಲ್ಲಿದ್ದರು, ರೈಲಿಗೆ ಇನ್ನೂ ಹೊತ್ತಿತ್ತೇನೋ. ಯಾರೂ ನೋಡುತ್ತಿಲ್ಲ ಅಂದುಕೊಂಡಿರಬೇಕು. ಬೂಟಿನ ತುದಿಯಿಂದ ಒಂದು ದುಂಡನೆ ಕಾಯಿಯನ್ನು ಮುಂದಕ್ಕೆ ತಳ್ಳಿಕೊಂಡರು. ಕೊಡೆಯನ್ನು ತಲೆಕೆಳಗು ಮಾಡಿ, ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ, ತಲೆ ತಗ್ಗಿಸಿ ನಿಂತರು.

ಅಣ್ಣನೂ ಅದನ್ನು ಕಂಡರು. ಇಂಥ ಹೊತ್ತಿನಲ್ಲಿ ಇದೇನು ಎಂದು ಏಳಹೊರಟವರನ್ನು ಆಕೆ ತಡೆದಳು.

"ಬಿಡಿ ಭಾವ. ಆಡ್ಲಿ."

ಕೊಡೆಯ ಹಿಡಿ ಮೆಲ್ಲಗೆ ತೂಗಿತು. ಕಾಯಿ ಉರುಳಿಕೊಂಡು ಹೋಗಿ, ಚರಂಡಿಯ ಜಾಲರಿಯ ಅಂಚಿನಲ್ಲಿ ತಡೆದು ನಿಂತು, ಒಳಗೆ ಬಿತ್ತು. ಮುದುಕರು ಅಲ್ಲಿಗೆ ನಡೆದು, ಮೊಣಕಾಲಿಗೆ ಕೈ ಊರಿ ಕಷ್ಟಪಟ್ಟು ಕೂತು, ಕಂಬಿಗಳ ನಡುವೆ ಎರಡು ಬೆರಳು ತೂರಿಸಿದರು. ಎಟುಕಲಿಲ್ಲ. ಕೈ ತೆಗೆಯದೆ, ಇನ್ನೂ ಸ್ವಲ್ಪ ಬಗ್ಗಿದರು.